ನೆಂಟನಲ್ಲದ ಸಾಕ್ಷಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ, ಸಾಲು ಬಲಕ್ಕೆ ಹೋದ ಹಾಗೆಲ್ಲ ಕೆಳಗೆ ಜಾರುತ್ತದೆ. ಹತ್ತನೇ ತರಗತಿ ಮುಗಿಸದೆ ಶಾಲೆ ಬಿಟ್ಟವಳು. ದೊಡ್ಡ ದೊಡ್ಡ ಮಾತು ನನಗೆ ಬರುವುದಿಲ್ಲ. ಮೂರು ಸಲ ಹರಿದು ಹಾಕಿ ನಾಲ್ಕನೇ ಸಲ ಬರೆಯುತ್ತಿದ್ದೇನೆ. ಇದರಲ್ಲಿ ಕೆಲವನ್ನು ಕಣ್ಣಾರೆ ಕಂಡೆ, ಉಳಿದದ್ದನ್ನು ಮಿಸ್ ಓಝೆಲ್ಲಾ ಅವರ ಬಾಯಿಂದಲೇ ಕೇಳಿದೆ. ಬರೆದದ್ದನ್ನು ಅವರಿಗೆ ಓದಿ ಹೇಳಿ, ತಪ್ಪು ಎಂದದ್ದನ್ನು ಹೊಡೆದುಹಾಕಿದ್ದೇನೆ. "ನನ್ನನ್ನು ಇಷ್ಟು ಒಳ್ಳೆಯವಳಾಗಿ ಮಾಡಬೇಡ ಮಗಾ" ಎಂದ ಕಡೆ ಮಾತ್ರ ಹಾಗೇ ಬಿಟ್ಟಿದ್ದೇನೆ.

ಮಿಸ್ ಓಝೆಲ್ಲಾ ಗಿಡ್ರಿ ಅವರಿಗೆ ಎಪ್ಪತ್ತೊಂದು ವರ್ಷ. ಟಿಂಬರ್ ಕ್ರಾಸ್ ಊರಿನ ಶಾಲೆಯ ಅಡುಗೆಮನೆಯಲ್ಲಿ ಮೂವತ್ತೆಂಟು ವರ್ಷ ಬೇಯಿಸಿ ಬಡಿಸಿದ ಕೈ ಅವರದು. ಕೆರೆಯ ದಡದ ಲೇಕ್‌ಸೈಡಿನ ಬಿಳಿಯರ ಮಕ್ಕಳಾಗಲಿ, ಬ್ಯಾಕ್ ರೋನ ನಮ್ಮ ಮಕ್ಕಳಾಗಲಿ, ಈ ಊರಿನಲ್ಲಿ ಅವರು ಮಾಡಿದ ಮೆಕ್ಕೆಜೋಳದ ಬ್ರೆಡ್ಡು ತಿನ್ನದೆ ಬೆಳೆದವರು ಕಡಿಮೆ. ಯಾವ ಮಗು ಬಟಾಣಿಯನ್ನು ಹಾಲಿನ ಡಬ್ಬಿಯೊಳಗೆ ಬಚ್ಚಿಡುತ್ತದೆ, ಯಾವ ಮಗು ಶುಕ್ರವಾರ ಎರಡು ಸಲ ಕೇಳುತ್ತದೆ, ಯಾಕೆ ಕೇಳುತ್ತದೆ, ಎಲ್ಲ ಅವರಿಗೆ ಗೊತ್ತಿತ್ತು. ಎರಡು ಸಲ ಕೇಳುವ ಮಗುವಿಗೆ ಕೇಳುವ ಮೊದಲೇ ಹಾಕಿಬಿಡುತ್ತಿದ್ದರು.

ಬ್ಯಾಕ್ ರೋ ಅಂದರೆ ಮರ ಕೊಯ್ಯುವ ಮಿಲ್ಲಿನ ಬೆನ್ನಿಗೆ ಅಂಟಿಕೊಂಡಿದ್ದ ನಲವತ್ತೆರಡು ಮನೆಗಳ ಸಾಲು. ನೂರು ವರ್ಷದ ಹಿಂದೆ ಮಿಲ್ಲಿನವರು ಲೂಸಿಯಾನಾದಿಂದ ನಮ್ಮ ಜನರನ್ನು ರೈಲಿನಲ್ಲಿ ತುಂಬಿಕೊಂಡು ಬಂದು, ಹೊಗೆ ಬೀಳುವ ಕಡೆಗೆ ಕಪ್ಪು ಜನಕ್ಕೂ ಗಾಳಿ ಬರುವ ಕಡೆಗೆ ಬಿಳಿಯರಿಗೂ ಮನೆ ಕಟ್ಟಿಸಿದರು. ಬಂದವರೆಲ್ಲ ಒಂದೇ ಸೀಮೆಯವರು. ಅಣ್ಣನ ಹಿಂದೆ ತಮ್ಮ, ತಮ್ಮನ ಹಿಂದೆ ಭಾವಮೈದ. ಆಮೇಲೆ ಸಾಲಿನೊಳಗೇ ಕೊಟ್ಟು ತಂದು ಮಾಡಿದರು. ಹೀಗಾಗಿ ಸಾಲಿನ ಈ ತುದಿಯಲ್ಲಿ ಯಾರಾದರೂ ಸೀನಿದರೆ ಆ ತುದಿಯಲ್ಲಿರುವ ನೆಂಟರು ದೇವರು ಕಾಪಾಡಲಿ ಅನ್ನುತ್ತಾರೆ.

ಮುಂದೊಂದು ಕಾಲಕ್ಕೆ ಮಿಲ್ಲು ಆ ಮನೆಗಳನ್ನು ಕೆಲಸಗಾರರಿಗೇ ಮಾರಿತು. ಕೈಗೊಂದು ಚೀಟಿ ಕೊಟ್ಟರು. ಅದನ್ನು ಕೌಂಟಿಯ, ಅಂದರೆ ಜಿಲ್ಲೆಯ, ಕೋರ್ಟಿಗೆ ಒಯ್ದು ನೋಂದಾಯಿಸಬೇಕಿತ್ತು. ಯಾರೂ ಒಯ್ಯಲಿಲ್ಲ. ಲೂಸಿಯಾನಾದಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದ ಕಪ್ಪು ಮನುಷ್ಯ ಇಳಿಯುವಾಗ ಹೊಲ ಕಳೆದುಕೊಂಡು ಇಳಿಯುತ್ತಿದ್ದ. ಆ ಭಯ ಅದೇ ರೈಲಿನಲ್ಲಿ ಜೊತೆಗೆ ಬಂದಿತ್ತು. ಅವರು ನಂಬಿದ್ದು ಮನೆಯ ದೊಡ್ಡ ಬೈಬಲ್ಲನ್ನು. ಹುಟ್ಟು, ಮದುವೆ, ಸಾವು ಬರೆಯುವುದಕ್ಕೆಂದು ಅದರ ನಡುವೆ ಖಾಲಿ ಹಾಳೆಗಳಿರುತ್ತವಲ್ಲ, ಅಲ್ಲಿಯೇ ಮನೆ ಯಾರಿಗೆ ಎಂದೂ ಬರೆದರು. ಮಿಸ್ ಓಝೆಲ್ಲಾರ ತಾತ ಆಗಸ್ಟ್ ಗಿಡ್ರಿ ಬರೆದದ್ದು ಹೀಗೆ: "ಈ ಮನೆ ನನ್ನ ಮಗಳು ಲಿಯೋಲಾಗೆ. ಅವಳ ತರುವಾಯ ಮೊಮ್ಮಗಳು ಓಝೆಲ್ಲಾಗೆ." ಕೆಳಗೆ ಪಾದ್ರಿಯ ರುಜು. ದೇವರ ಪುಸ್ತಕದಲ್ಲಿ ಬರೆದ ಮೇಲೆ ಇನ್ನು ಕೌಂಟಿಯ ಪುಸ್ತಕ ಯಾಕೆ?

ಮನೆಯ ಕಂದಾಯದ ಚೀಟಿ ಮಾತ್ರ ಪ್ರತಿ ವರ್ಷ ಆಗಸ್ಟ್ ಗಿಡ್ರಿಯ ಹೆಸರಿಗೇ ಬರುತ್ತಿತ್ತು. ಅವರು ಸತ್ತು ಅರವತ್ತು ವರ್ಷದ ಮೇಲಾಗಿತ್ತು. ಮಿಸ್ ಓಝೆಲ್ಲಾ ನವೆಂಬರ್ ಬಂತೆಂದರೆ ಟೋಪಿ ಹಾಕಿಕೊಂಡು ಹೋಗಿ ಕಟ್ಟಿ ಬರುತ್ತಿದ್ದರು. ಸತ್ತವನ ಹೆಸರಿನಲ್ಲಿ ಯಾಕೆ ಕಟ್ಟುತ್ತೀಯಮ್ಮ ಎಂದು ಕಿಟಕಿಯ ಆಚೆಯವರು ಒಂದು ಸಲವೂ ಕೇಳಲಿಲ್ಲ.

ಬೆಂಕಿ ಬಂದದ್ದು ಸೆಪ್ಟೆಂಬರಿನ ಒಂದು ಶುಕ್ರವಾರ ಮಧ್ಯಾಹ್ನ. ಮಿಲ್ಲಿನ ಸೈರನ್ ಕೂಗಿತು. ಅದು ದಿನಾ ಊಟದ ಹೊತ್ತಿಗೆ ಕೂಗುವ ಸೈರನ್ನೇ ಆದ್ದರಿಂದ ಜನ ತಟ್ಟೆ ತೆಗೆದಿಟ್ಟರು. ಅದು ನಿಲ್ಲದೇ ಇದ್ದಾಗ ಮಿಸ್ ಓಝೆಲ್ಲಾ ಬಾಗಿಲು ತೆಗೆದು ನೋಡಿದರು. ಸಾಲಿನ ತುದಿಯ ಪೈನ್ ಮರಗಳು ಆಗಲೇ ಉರಿಯುತ್ತಿದ್ದವು. ಗಾಳಿ ನಮ್ಮ ಕಡೆಗೇ ಇತ್ತು. ಅವರು ಬೇರೇನನ್ನೂ ಮುಟ್ಟದೆ ಬೈಬಲ್ಲನ್ನು ಎದೆಗವಚಿಕೊಂಡು ಹೊರಗೆ ಬಂದರು. ಅಷ್ಟರಲ್ಲಿ ಎದುರುಮನೆಯ ಜಗಲಿಯಲ್ಲಿ ಡೀಕನ್ ಹೋರೆಸ್ ಕಂಡರು.

ಹೋರೆಸ್ ಪಿಕೆಟ್ ನಮ್ಮ ಚರ್ಚಿನ ಹಿರಿಯರು. ಒಂದು ಕಾಲು ಸ್ವಾಧೀನವಿಲ್ಲ. ಊರುಗೋಲು ಒಳಗೆಲ್ಲೋ ಉಳಿದು, ಕಂಬ ಹಿಡಿದು ನಿಂತಿದ್ದರು. ದೊಡ್ಡ ಆಳು. ಎತ್ತಬೇಕಾದರೆ ಎರಡು ಕೈಯೂ ಬೇಕು. ಮಿಸ್ ಓಝೆಲ್ಲಾ ಬೈಬಲ್ಲನ್ನು ಅವರ ಮೆಟ್ಟಿಲ ಮೇಲೆ ಇಟ್ಟರು. ಹೋರೆಸರ ತೋಳಿನ ಕೆಳಗೆ ಹೆಗಲು ಕೊಟ್ಟು ಎಳೆದುಕೊಂಡು ಹೋಗಿ ಯಾರದೋ ಟ್ರಕ್ಕಿಗೆ ಹತ್ತಿಸಿದರು. ತಿರುಗಿ ನೋಡುವಷ್ಟರಲ್ಲಿ ಮೆಟ್ಟಿಲೇ ಕಾಣುತ್ತಿರಲಿಲ್ಲ.

ಒಂದು ಗಂಟೆಯೊಳಗೆ ನಲವತ್ತೆರಡೂ ಮನೆ ಹೋದವು. ಚರ್ಚಿನ ಇಟ್ಟಿಗೆಯ ಮೆಟ್ಟಿಲಷ್ಟೇ ಉಳಿಯಿತು. ಲೇಕ್‌ಸೈಡಿನಲ್ಲಿ ಒಂಬತ್ತು ಮನೆ ಸುಟ್ಟವು.

ಪರಿಹಾರದ ಕಚೇರಿಯನ್ನು ತೆರೆದದ್ದು ಲೇಕ್‌ಸೈಡಿನ ದೋಣಿ ಕ್ಲಬ್ಬಿನಲ್ಲಿ. ಆ ಒಂಬತ್ತು ಮನೆಗಳ ಬೂದಿಯನ್ನು ಕೌಂಟಿಯ ಲಾರಿ ಮೂರೇ ವಾರದಲ್ಲಿ ಸಾಗಿಸಿತು. ನಮ್ಮ ಬೂದಿ ಮೊದಲ ಮಳೆಗೆ ಕೆಸರಾಯಿತು, ಹಿಮ ಬಿದ್ದು ಗಟ್ಟಿಯಾಯಿತು, ಆಮೇಲೂ ಅಲ್ಲೇ ಇತ್ತು. ನಮ್ಮವರು ಹೆದ್ದಾರಿಯ ಪಕ್ಕದ ಮೋಟೆಲಿನಲ್ಲಿ, ಕೋಣೆಗೆ ಐದಾರು ಜನರ ಹಾಗೆ ಇದ್ದರು. ಅದರ ಕಾರು ನಿಲ್ಲಿಸುವ ಜಾಗದಲ್ಲಿ ಮಡಿಚುವ ಕುರ್ಚಿ ಹಾಕಿಕೊಂಡು ಮಿಸ್ ಓಝೆಲ್ಲಾ ಬ್ಯಾಕ್ ರೋ ಸಮಿತಿ ಶುರು ಮಾಡಿದರು. ಜೊತೆಗೆ ನಿಂತದ್ದು ಡೆಲ್ಫೀನ್. ಡೆಲ್ಫೀನ್ ಸಾಲಿನ ಹೆಂಗಸರಿಗೆಲ್ಲ ಜಡೆ ಹೆಣೆಯುತ್ತಿದ್ದವಳು. ಬೆರಳಿಗಿಂತ ನಾಲಿಗೆ ಚುರುಕು.

"ಆ ಒಂಬತ್ತು ಮನೆಗೆ ಬಂದ ಲಾರಿಗೆ ನಮ್ಮ ದಾರಿ ಯಾಕೆ ಕಾಣ್ಲಿಲ್ಲ ಅಂತ ಕೇಳೋಣ" ಅಂದರು ಮಿಸ್ ಓಝೆಲ್ಲಾ ಮೊದಲ ದಿನ.

"ಕಂಡಿದೆ ಮಿಸ್ ಓಝೆಲ್ಲಾ. ಕಂಡೇ ಆ ಕಡೆ ತಿರುಗಿದ್ದು" ಅಂದಳು ಡೆಲ್ಫೀನ್.

ವಾರಕ್ಕೊಂದು ಕಾಗದ ಬರೆದು, ಸಭೆಯಿಂದ ಸಭೆಗೆ ಅಲೆದು ಅವರು ಗೆದ್ದದ್ದು ಒಂದು: ಕ್ಲಬ್ಬಿನ ತನಕ ಹೋಗಲು ವಾರಕ್ಕೆರಡು ಬಸ್ಸು. ಆ ಬಸ್ಸು ಹತ್ತಿ ಹೋದಾಗ ನಿಯಮ ಗೊತ್ತಾಯಿತು. ಜಾಗ ತನ್ನದೆಂದು ನೋಂದಣಿ ಪತ್ರ ತೋರಿಸಿದರೆ ಮನೆ ಕಟ್ಟಲು ಹಣ. ಪತ್ರವಿಲ್ಲದವರು ಫೆಬ್ರವರಿ ಕೊನೆಯೊಳಗೆ ಒಬ್ಬ ಸಾಕ್ಷಿಯನ್ನು ತರಬೇಕು. ಆ ಸಾಕ್ಷಿ ಇದೇ ಕೌಂಟಿಯಲ್ಲಿ ನೋಂದಣಿಯಾದ ಮನೆ ಇದ್ದವನಾಗಿರಬೇಕು, ಇಪ್ಪತ್ತು ವರ್ಷದಿಂದ ಆ ಮನೆಯನ್ನು ಬಲ್ಲವನಾಗಿರಬೇಕು. ಮತ್ತೆ ರಕ್ತದಿಂದಾಗಲಿ, ಮದುವೆಯಿಂದಾಗಲಿ, ಒಂದೇ ಮನೆಯಲ್ಲಿ ಬೆಳೆದದ್ದರಿಂದಾಗಲಿ ನೆಂಟನಾಗಿರಬಾರದು. ಇಲ್ಲದಿದ್ದರೆ ಜಾಗ 'ಮಾಲೀಕರು ತಿಳಿದಿಲ್ಲ' ಎಂಬ ಪಟ್ಟಿಗೆ ಹೋಗುತ್ತದೆ. ಆಮೇಲೆ ಹರಾಜು.

"ನಮ್ಮ ಸಾಲಲ್ಲಿ ನೆಂಟ ಅಲ್ಲದವನು ಅಂದ್ರೆ ಡೀಕನ್ ಹೋರೆಸರ ನಾಯಿ" ಅಂದಳು ಡೆಲ್ಫೀನ್. "ಅದೂ ನಮ್ಮನೆ ನಾಯಿಯ ಮಗಾನೇ."

ಮಿಸ್ ಓಝೆಲ್ಲಾ ಊರಿನ ಬಿಳಿಯರನ್ನು ಕೇಳಲು ಹೊರಟರು. ಮೂವತ್ತೆಂಟು ವರ್ಷ ಜೊತೆಗಿದ್ದವರಲ್ಲಿ ಒಬ್ಬರಾದರೂ ಬರುತ್ತಾರೆ ಎಂಬ ಧೈರ್ಯ. ನಿವೃತ್ತ ಮುಖ್ಯೋಪಾಧ್ಯಾಯಿನಿ ಬಾಗಿಲು ತೆಗೆದು ಅಪ್ಪಿಕೊಂಡು ಅತ್ತರು. ಚಹಾ ಕೊಟ್ಟರು. ಸಾಕ್ಷಿಯ ಕಾಗದ ಓದಿದ ಮೇಲೆ ಕನ್ನಡಕ ತೆಗೆದರು.

"ಓಝೆಲ್ಲಾ, ನಿನಗೋಸ್ಕರ ಏನು ಬೇಕಾದ್ರೂ ಮಾಡ್ತೀನಿ. ಆದ್ರೆ ನಿನ್ನ ಮನೆ ಅಲ್ಲಿ ಯಾವುದು ಅಂತ ನನಗೆ ಗೊತ್ತಿಲ್ವಲ್ಲೆ."

ಹಾಗೆ ಇನ್ನಿಬ್ಬರನ್ನು ಕೇಳಿದರು. ಅವರಿಗೂ ಗೊತ್ತಿರಲಿಲ್ಲ. ಅವರು ಸುಳ್ಳು ಹೇಳುತ್ತಿರಲಿಲ್ಲ. ಆ ಸಾಲಿಗೆ ಅವರು ಒಂದು ದಿನವೂ ಕಾಲಿಟ್ಟಿರಲಿಲ್ಲ.

ಉಳಿದವರು ಹೋರೆಸ್. ಅವರು ನೌಕಾಪಡೆಯಿಂದ ಬಂದಾಗ ಸೈನಿಕರಿಗೆ ಕೊಡುವ ಸಾಲ ತೆಗೆದು ಮನೆ ರಿಪೇರಿ ಮಾಡಿಸಿದ್ದರಿಂದ ಕೋರ್ಟಿನಲ್ಲಿ ನೋಂದಣಿಯಾಗಿತ್ತು. ಇಡೀ ಸಾಲಿನಲ್ಲಿ ಅದೊಂದೇ. ಉಳಿದ ಮನೆಗಳಿಗೆಲ್ಲ ಪಿಕೆಟ್‌ಗಳು ಒಂದಲ್ಲ ಒಂದು ಕಡೆಯಿಂದ ರಕ್ತಸಂಬಂಧಿಗಳು, ಗಿಡ್ರಿಗಳಿಗೆ ಮಾತ್ರ ಅಲ್ಲ. ಸಮಿತಿಯವರಿಗೆ ಜೀವ ಬಂತು. ಮಿಸ್ ಓಝೆಲ್ಲಾರ ಒಂದು ಅರ್ಜಿ ಒಪ್ಪಿದರೆ, ಬೈಬಲ್ಲಿನಿಂದ ಬಂದ ಮನೆಯೂ ಮನೆಯೇ ಎಂದು ಕೌಂಟಿ ಒಪ್ಪಿದಂತೆ. ಅದನ್ನು ತೋರಿಸಿ ಉಳಿದ ನಲವತ್ತು ಮನೆಯವರೂ ವಾದಿಸಬಹುದು. ಸಾಕ್ಷಿ ಹೇಳುತ್ತೀರಾ ಎಂದಾಗ ಹೋರೆಸ್ "ಅವಳ ಮನೆಗೆ ನಾನಲ್ಲದೆ ಇನ್ಯಾರು ಹೇಳ್ಬೇಕು?" ಎಂದರು. ಕಾಗದದಲ್ಲಿ ಏನಿದೆ ಎಂದು ಯಾರೂ ಅವರಿಗೆ ಪೂರ್ತಿ ಓದಿ ಹೇಳಲಿಲ್ಲ. ನಾವು ಮಾಡಿದ ತಪ್ಪು ಅದು. ರಕ್ತ, ಮದುವೆ ಇವೆರಡನ್ನೇ ಲೆಕ್ಕ ಹಾಕಿದೆವು, ಮೂರನೆಯದನ್ನು ಓದುವ ಅಗತ್ಯವಿದೆ ಎಂದು ಯಾರಿಗೂ ತೋಚಲಿಲ್ಲ.

ಫೆಬ್ರವರಿಯ ಕೊನೆಯ ವಾರ, ಮಿಸ್ ಓಝೆಲ್ಲಾ, ಹೋರೆಸ್, ಡೆಲ್ಫೀನ್ ಮೂವರೂ ಬಸ್ಸಿಳಿದು ಕ್ಲಬ್ಬಿನೊಳಗೆ ಹೋದರು. ಗೋಡೆಯ ಮೇಲೆ ದೋಣಿಗಳ ಚಿತ್ರ. ಮೇಜಿನ ಹಿಂದೆ ಕರ್ಸ್ಟನ್ ಎಂಬ ಹುಡುಗಿ, ಇಪ್ಪತ್ತೈದರ ಒಳಗಿನವಳು. ಒಳ್ಳೆಯ ಹುಡುಗಿ. ಹೋರೆಸರಿಗೆ ಮೆತ್ತನೆಯ ಕುರ್ಚಿ ತಂದು ಹಾಕಿದಳು.

"ಪ್ರಮಾಣಕ್ಕೆ ಬಲಗೈ ಎತ್ತಿ ಸರ್. ಮಿಸ್ ಗಿಡ್ರಿಯವರ ಮನೆ ನಿಮಗೆ ಎಷ್ಟು ವರ್ಷದಿಂದ ಗೊತ್ತು?"

"ಎಪ್ಪತ್ತು. ನನಗೆಷ್ಟು ವಯಸ್ಸೋ ಅಷ್ಟು."

"ಅದು ಅವರದೇ ಮನೆ?"

"ಅವರ ತಾತನದು, ಅವರಮ್ಮನದು, ಆಮೇಲೆ ಇವರದು. ಬೈಬಲ್ಲಲ್ಲಿ ಬರೆದದ್ದನ್ನ ಕಣ್ಣಲ್ಲಿ ಕಂಡಿದೀನಿ."

ಕರ್ಸ್ಟನ್ ಖುಷಿಯಾಗಿ ಬರೆದುಕೊಂಡಳು. ಡೆಲ್ಫೀನ್ ಮೇಜಿನ ಕೆಳಗೆ ಮಿಸ್ ಓಝೆಲ್ಲಾರ ಕೈ ಹಿಂಡಿದಳು.

"ಕೊನೇದು ಸರ್. ರಕ್ತದಿಂದ, ಮದುವೆಯಿಂದ ಅಥವಾ ಒಂದೇ ಮನೆಯಲ್ಲಿ ಬೆಳೆದದ್ದರಿಂದ ಇವರಿಗೂ ನಿಮಗೂ ನೆಂಟಸ್ತಿಕೆ ಇದೆಯಾ? ಇಲ್ಲ ಅಂದ್ರೆ ಸಾಕು, ರುಜು ಹಾಕಿ."

ಹೋರೆಸ್ ಎತ್ತಿದ ಕೈ ಎತ್ತಿದ ಹಾಗೇ ಇತ್ತು.

"ಮತ್ತೆ ಓದಮ್ಮ."

ಅವಳು ಮತ್ತೆ ಓದಿದಳು.

"ನನ್ನ ತಾಯಿ ನನ್ನನ್ನ ಹೆತ್ತ ದಿನಾನೇ ಹೋದ್ಲು" ಅಂದರು ಹೋರೆಸ್. "ಇವರಮ್ಮ ಲಿಯೋಲಾ ನನ್ನನ್ನ ಎತ್ಕೊಂಡು ಬಂದ್ಲು. ಒಂದು ಕಡೆ ಇವಳು, ಇನ್ನೊಂದು ಕಡೆ ನಾನು, ಹಾಗೆ ಹಾಲು ಕುಡಿಸಿದ್ಲು. ಐದು ವರ್ಷ ಆ ಮನೇಲೇ ಮಲಗಿದೀನಿ."

ಕರ್ಸ್ಟನ್ ಪೆನ್ನು ಕೆಳಗಿಟ್ಟಳು. "ಸರ್, ಅದು ತುಂಬಾ ಹಿಂದಿನ ಮಾತು. ನಿಮ್ಮ ಮನಸ್ಸಿಗೆ ಹೇಗನ್ನಿಸುತ್ತೋ ಹಾಗೆ…" ಎಂದು ದನಿ ತಗ್ಗಿಸಿದಳು. ಅವಳು ದಾರಿ ಬಿಡುತ್ತಿದ್ದಳು. ಅದು ಎಲ್ಲರಿಗೂ ಕಂಡಿತು.

"ಡೀಕನ್, ಇಲ್ಲ ಅನ್ನಿ. ಎರಡಕ್ಷರ" ಅಂದಳು ಡೆಲ್ಫೀನ್.

"ಕೈ ಎತ್ತಿದೀನಲ್ಲ ಡೆಲ್ಫೀನ್."

"ಹಂಗಾದ್ರೆ ಇಳಿಸಿ ಹೇಳಿ!"

ಹೋರೆಸ್ ಮಿಸ್ ಓಝೆಲ್ಲಾರ ಕಡೆ ತಿರುಗಿದರು. "ಅಕ್ಕಾ, ನೀನು ಹೇಳು. ನೀನು ಇಲ್ಲ ಅನ್ನು ಅಂದ್ರೆ ಅಂತೀನಿ. ಪಾಪ ನನ್ನ ಮೇಲಿರಲಿ."

ಮಿಸ್ ಓಝೆಲ್ಲಾರಿಗೆ ಆ ಗಳಿಗೆಯಲ್ಲಿ ಕಣ್ಣ ಮುಂದೆ ಬಂದದ್ದು ತಮ್ಮ ಅಡುಗೆಮನೆಯ ಕಿಟಕಿ. ಬೆಳಗ್ಗೆ ಅಲ್ಲಿ ನಿಂತರೆ ಬಿಳಿಯ ಬೆಟ್ಟ ಕಾಣುತ್ತಿತ್ತು. ಒಂದು ಮಾತು ಅಂದರೆ ಆ ಕಿಟಕಿ ಮತ್ತೆ ಬರುತ್ತದೆ. ಅವರು ಹೋರೆಸರ ಎತ್ತಿದ ಕೈಯನ್ನು ನೋಡಿದರು. ಎಪ್ಪತ್ತು ವರ್ಷದಲ್ಲಿ ಒಂದು ದಿನವೂ ಅವರನ್ನು ಹೆಸರು ಹಿಡಿದು ಕರೆಯದವನು. ಅಮ್ಮ ಲಿಯೋಲಾ ಸಾಯುವಾಗ ಇಬ್ಬರ ಕೈಯನ್ನೂ ಒಟ್ಟಿಗೆ ಹಿಡಿದುಕೊಂಡಿದ್ದರು. ಇಲ್ಲ ಅನ್ನು ಎಂದು ಹೇಳಿದರೆ ಅಮ್ಮನನ್ನೇ ಅಮ್ಮ ಅಲ್ಲ ಎಂದ ಹಾಗೆ.

"ಕೈ ಇಳಿಸೋ ಹೋರೆಸ್" ಅಂದರು. "ತೋಳು ನೋಯುತ್ತೆ."

ಕರ್ಸ್ಟನ್ ಆ ಹಾಳೆಯ ಮೇಲೆ ಅಡ್ಡಗೆರೆ ಎಳೆದಳು. ಅವಳ ಕಣ್ಣು ಕೆಂಪಾಗಿತ್ತು. "ಬೇರೆ ಯಾರಾದರೂ ಇದ್ದರೆ ಶುಕ್ರವಾರದೊಳಗೆ ಕರ್ಕೊಂಡು ಬನ್ನಿ" ಅಂದಳು.

ಬಸ್ಸು ಕೆರೆ ದಾಟಿದ ಮೇಲೆ ಡೆಲ್ಫೀನ್ ಶುರುವಾದಳು.

"ದೇವರು ಒಂದು ನಿಮಿಷ ಆ ಕಡೆ ನೋಡ್ತಿದ್ದ ಡೀಕನ್! ಅವನಿಗೂ ಗೊತ್ತು ಈ ಕಚೇರಿಗಳ ವಿಷಯ!"

"ಅವನು ಆ ಕಡೆ ನೋಡ್ತಿದ್ನೇನೋ" ಅಂದರು ಹೋರೆಸ್. "ಲಿಯೋಲಾ ಈ ಕಡೆನೇ ನೋಡ್ತಿದ್ಲು."

"ನಲವತ್ತು ಮನೆ! ನಿಮ್ಮೊಬ್ಬರ ಹಾಲಿನ ಋಣಕ್ಕೆ ನಲವತ್ತು ಮನೆ!"

"ಸಾಕು ಬಿಡೇ" ಅಂದರು ಮಿಸ್ ಓಝೆಲ್ಲಾ. "ಅವನು ಹೇಳ್ಲಿಲ್ಲ, ನಾನೂ ಹೇಳಿಸ್ಲಿಲ್ಲ. ಬೈಯೋದಿದ್ರೆ ಇಬ್ಬರನ್ನೂ ಸೇರಿಸಿ ಬೈ."

ಡೆಲ್ಫೀನ್ ಇಬ್ಬರನ್ನೂ ಸೇರಿಸಿ ಬೈದಳು. ಮೋಟೆಲ್ ಬರುವ ತನಕ ಬೈದಳು. ಇಳಿಯುವಾಗ ಹೋರೆಸರಿಗೆ ಕೈ ಕೊಟ್ಟು ಇಳಿಸಿಕೊಂಡಳು.

ಬುಧವಾರ ಸಂಜೆ ಊರಿನ ಆಡಳಿತ ಸಭೆ. ಜನ ಮಾತಾಡಬಹುದು, ಒಬ್ಬರಿಗೆ ಎರಡು ನಿಮಿಷ. ಮಾತಾಡುವ ಮೇಜಿನ ಮೇಲೆ ಮೂರು ಪುಟ್ಟ ದೀಪ: ಹಸಿರು, ಹಳದಿ, ಕೆಂಪು. ಮಿಸ್ ಓಝೆಲ್ಲಾರಿಗಿಂತ ಮುಂಚೆ ಲೇಕ್‌ಸೈಡಿನವರೊಬ್ಬರು ಸುಟ್ಟ ದೋಣಿಮನೆಯನ್ನು ಎರಡಡಿ ಅಗಲವಾಗಿ ಕಟ್ಟಲು ಅಪ್ಪಣೆ ಕೇಳಿದರು. ಸಿಕ್ಕಿತು. ಅಧ್ಯಕ್ಷರ ಕುರ್ಚಿಯಲ್ಲಿ ಮಿಸ್ಟರ್ ಹಾಲ್ವರ್ಸನ್. ಹಾಲಿನ ಡಬ್ಬಿಯಲ್ಲಿ ಬಟಾಣಿ ಬಚ್ಚಿಡುತ್ತಿದ್ದ ಹುಡುಗ ಅವರೇ.

ಮಿಸ್ ಓಝೆಲ್ಲಾ ಭಾನುವಾರದ ಟೋಪಿ ಹಾಕಿಕೊಂಡು ಬಂದಿದ್ದರು. ಅದು ದಾನದ ಪೆಟ್ಟಿಗೆಯಲ್ಲಿ ಸಿಕ್ಕ ಟೋಪಿ, ಸ್ವಲ್ಪ ದೊಡ್ಡದು. ಹಸಿರು ದೀಪ ಹತ್ತಿತು.

"ನಿಮ್ಮ ಕಾಗದ ನನಗೆ ಏನೂ ಅಲ್ಲದ ನೆರೆಯವನನ್ನ ಕರ್ಕೊಂಡು ಬಾ ಅನ್ನುತ್ತೆ. ಕೆರೆಯ ಕಡೆ ಹಾಗಿರೋರು ಬೇಕಾದಷ್ಟು ಸಿಗ್ತಾರೆ. ಬೇಸಿಗೆಗೆ ಬರ್ತಾರೆ, ಬೇಲಿ ಆಚೆಯಿಂದ ಕೈ ಬೀಸ್ತಾರೆ, ಹೋಗ್ತಾರೆ. ನಮ್ಮ ಸಾಲಲ್ಲಿ ಅಂಥವರು ಇಲ್ಲ. ನಮ್ಮನ್ನ ಅಲ್ಲೇ ಇರಿ ಅಂದ್ರಿ, ಇದ್ವಿ. ನೂರು ವರ್ಷ ನಮ್ಮ ನಮ್ಮಲ್ಲೇ ಇದ್ವಿ. ಈಗ ಯಾಕೆ ಎಲ್ರೂ ಎಲ್ರಿಗೂ ನೆಂಟರು ಅಂತ ಕೇಳ್ತಿದೀರಿ. ಹೊರಗಿನವರು ಯಾರೂ ನಮ್ಮನೆ ಬಾಗಿಲಿಗೆ ಬರ್ಲಿಲ್ಲ, ಅದು ನಮ್ಮ ತಪ್ಪಾ? ನೆಂಟರ ಸಾಕ್ಷಿನೂ ಒಪ್ಪಿ ಅಂತ ಕೌಂಟಿಗೆ ಒಂದು ಕಾಗದ ಬರೀರಿ. ಅಷ್ಟೇ ಕೇಳೋದು. ಆ ಮನೆಗೆ ನಾನು ಪ್ರತಿ ನವೆಂಬರ್…"

ಕೆಂಪು ದೀಪ ಹತ್ತಿತು. ಮಿಸ್ಟರ್ ಹಾಲ್ವರ್ಸನ್ ಮುಂದಕ್ಕೆ ಬಾಗಿದರು.

"ಮಿಸ್ ಓಝೆಲ್ಲಾ, ನಿಮ್ಮ ಬ್ರೆಡ್ಡಿನ ರುಚಿ ಇವತ್ತಿಗೂ ನನ್ನ ನಾಲಿಗೆ ಮೇಲಿದೆ. ಇಲ್ಲಿರೋ ಎಲ್ಲರದ್ದೂ ಅದೇ ಮಾತು. ಆದ್ರೆ ನಿಯಮ ಮಾಡೋದು ಕೌಂಟಿ, ನಾವಲ್ಲ. ಸಮಯ ಮುಗೀತು. ಮುಂದಿನವರು?"

ಸಭೆಯಲ್ಲಿ ಪ್ರೀತಿಯಿಂದಲೇ ಒಂದು ನಗು ಎದ್ದಿತು. ಮಿಸ್ ಓಝೆಲ್ಲಾರೂ ನಕ್ಕರು. ಮೂವತ್ತೆಂಟು ವರ್ಷ ತಟ್ಟೆ ಚಾಚಿದವರಿಗೆಲ್ಲ ನಕ್ಕ ಅಭ್ಯಾಸ. ಬಾಗಿಲು ದಾಟಿದ ಮೇಲೆ ಆ ನಗು ಅವರಿಗೆ ನೆನಪಾಯಿತು. "ಎಲ್ಲದಕ್ಕಿಂತ ಅದೇ ನನಗೆ ಸಂಕಟ ಮಗಾ" ಎಂದು ನನಗೆ ಎರಡು ಸಲ ಹೇಳಿದ್ದಾರೆ. "ಯಾಕಾದ್ರೂ ನಕ್ಕೆನೋ."

ಶುಕ್ರವಾರ ಬಂತು, ಹೋಯಿತು. ಬೇರೆ ಸಾಕ್ಷಿ ಸಿಗಲಿಲ್ಲ. ಸೋಮವಾರ ಕೌಂಟಿಯವರು ಬ್ಯಾಕ್ ರೋಗೆ ಬಂದರು. ಲಾರಿ ನಮ್ಮ ದಾರಿ ಕಂಡದ್ದು ಆಗಲೇ. ನಲವತ್ತೊಂದು ಜಾಗದಲ್ಲಿ ಮರದ ಗೂಟ ಹೊಡೆದು ಹಳದಿ ಚೀಟಿ ಕಟ್ಟಿದರು. ಹೋರೆಸರ ಜಾಗಕ್ಕೆ ಮಾತ್ರ ಹೊಡೆಯಲಿಲ್ಲ. ಅಕ್ಕಪಕ್ಕ ಯಾರೂ ಇಲ್ಲದ ಸಾಲಿನಲ್ಲಿ ಮನೆ ಕಟ್ಟಿಕೊಂಡು ಏನು ಮಾಡಲಿ ಎಂದು ಹೋರೆಸ್ ಪರಿಹಾರದ ಕಾಗದಕ್ಕೆ ಇನ್ನೂ ರುಜು ಹಾಕಿಲ್ಲ.

ಮಿಸ್ ಓಝೆಲ್ಲಾ ತಮ್ಮ ಗೂಟದ ಮುಂದೆ ನಿಂತು ಚೀಟಿ ಓದಿದರು. ಮಾಲೀಕರು ತಿಳಿದಿಲ್ಲ. ಅವರು ಅದನ್ನು ಕೀಳಲಿಲ್ಲ. ಕಿತ್ತರೆ ದಂಡ ಎಂದು ಅದರಲ್ಲೇ ಬರೆದಿತ್ತು. ಮಡಿಚುವ ಕುರ್ಚಿ ಬಿಡಿಸಿ, ಅಡುಗೆಮನೆ ಇದ್ದ ಜಾಗದಲ್ಲಿ, ಬೆಟ್ಟದ ಕಡೆ ಮುಖ ಮಾಡಿ ಕೂತರು. ಹೋರೆಸ್ ಹೊಸ ಊರುಗೋಲು ಊರಿಕೊಂಡು ಬಂದು ಪಕ್ಕದಲ್ಲಿ ನಿಂತರು.

"ಅಕ್ಕಾ, ಒಂದು ಸಲ ಬೈದುಬಿಡು. ಎದೆ ಹಗುರಾಗುತ್ತೆ."

"ಯಾರಿಗೆ ಹಗುರಾಗೋದು? ನಿನಗಾ ನನಗಾ?"

"ನನಗೆ."

"ಹಂಗಾದ್ರೆ ಬೈಯಲ್ಲ ಹೋಗು." ಅವರು ಚೀಲದಿಂದ ಡಬ್ಬಿ ತೆಗೆದರು. ಮೋಟೆಲಿನ ಸಣ್ಣ ಒಲೆಯಲ್ಲಿ ಬೇಯಿಸಿದ ಸೊಪ್ಪು, ಒಂದು ತುಂಡು ಬ್ರೆಡ್ಡು. "ಕೂತ್ಕೋ. ತಿನ್ನು. ಅಡಿ ಹಿಡಿದಿದೆ, ಆ ಒಲೆ ನನ್ನ ಮಾತು ಕೇಳಲ್ಲ."

ಕೂರಲು ಇನ್ನೊಂದು ಕುರ್ಚಿ ಇರಲಿಲ್ಲ. ಹೋರೆಸ್ ನಿಂತುಕೊಂಡೇ ತಿಂದರು.

ಹರಾಜು ಮೇ ತಿಂಗಳಿನಲ್ಲಿ. ಅದಕ್ಕೆ ಮೊದಲು, ಬರುವ ಮಂಗಳವಾರ, ಕೌಂಟಿಯ ದೊಡ್ಡ ಸಭೆ ಇದೆ. ಅಲ್ಲಿಯೂ ಎರಡೇ ನಿಮಿಷ. ಡೆಲ್ಫೀನ್ ನಿಯಮದ ಬಗ್ಗೆ ಮಾತಾಡುತ್ತಾಳೆ. ಮಿಸ್ ಓಝೆಲ್ಲಾ ಬರುವುದಿಲ್ಲ ಎಂದಿದ್ದಾರೆ. ಮತ್ತೆ ನಕ್ಕುಬಿಡುತ್ತೇನೆ ಎಂಬ ಹೆದರಿಕೆ ಅವರಿಗೆ. ಅವರ ಬದಲಿಗೆ ನಾನು ಹೆಸರು ಬರೆಸಿದ್ದೇನೆ. ಜನರ ಮುಂದೆ ನನಗೆ ಮಾತು ಹೊರಡುವುದಿಲ್ಲ, ಅದಕ್ಕೇ ಇದನ್ನು ಬರೆದಿಟ್ಟುಕೊಂಡೆ. ಗಟ್ಟಿಯಾಗಿ ಓದಿ ನೋಡಿದೆ. ಎಷ್ಟು ಬೇಗ ಓದಿದರೂ ಎರಡು ನಿಮಿಷದಲ್ಲಿ ತಾತ ಬೈಬಲ್ಲಿನಲ್ಲಿ ಬರೆದ ಮಾತಿನ ತನಕ ಮಾತ್ರ ಬರುತ್ತದೆ. ಮಂಗಳವಾರ ಬಸ್ಸಿನಲ್ಲಿ ಹೋಗಿ ಅಲ್ಲಿಯ ತನಕ ಓದುತ್ತೇನೆ.